ತಡೆಗೋಡೆ ಏಳುವ ಮೊದಲು ಭದ್ರೆಯ ದಂಡೆಯ ಸಮೀಕ್ಷೆ ಆಗಲಿ

ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರುಗಳನ್ನು ಹಾದು ಹರಿಯುವ ಭದ್ರೆಯೂ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ ಮಳೆಗಾಲದಲ್ಲಿ ತಮ್ಮ ದಂಡೆಗಳನ್ನು ಕೊರೆಯುತ್ತವೆ. 2019ರ ಆಗಸ್ಟ್‌ನ ಅತಿವೃಷ್ಟಿಯಲ್ಲಂತೂ ಮೂಡಿಗೆರೆ ಸೀಮೆಯ ಗುಡ್ಡಗಳೇ ಜಾರಿದವು. ಇಂಥ ನಷ್ಟದ ಪಟ್ಟಿಯಲ್ಲಿ ಮನೆ, ತೋಟ, ಗದ್ದೆ, ಸೇತುವೆಗಳಿಗೆ ಸಹಜವಾಗಿಯೇ ಮೊದಲ ಸ್ಥಾನವಿರುತ್ತದೆ. ದಂಡೆಯ ಮಣ್ಣಿನೊಡನೆ ಕೊಚ್ಚಿಹೋಗುವ ಪ್ರಾಚೀನ ನೆಲೆಗಳನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಮಳೆ ನಿಂತ ಮೇಲೆ, ತಡೆಗೋಡೆಯ ಕಾಮಗಾರಿಗೆ ಮೊದಲು, ಕುಸಿದ ದಂಡೆಗಳ ಪುರಾತತ್ತ್ವ ಸಮೀಕ್ಷೆ ನಡೆಯಬೇಕೆಂಬುದು ಈ ಕರಪತ್ರದ ಒತ್ತಾಯ.

ಹೊಳೆ ಕೊರೆದ ದಂಡೆಯಲ್ಲಿ ಸ್ತರಗಳು, ಎಂದರೆ ಬೇರೆ ಬೇರೆ ಕಾಲದಲ್ಲಿ ಒಂದರ ಮೇಲೊಂದು ಕೂಡಿದ ಮಣ್ಣಿನ ಪದರಗಳು, ಗುದ್ದಲಿ ಹಾಕದೆಯೇ ಕಾಣಿಸುತ್ತವೆ. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಲಪ್ರಭಾ, ಘಟಪ್ರಭಾ ನದಿಗಳ ಜಲ್ಲಿಪದರಗಳಲ್ಲಿ ಶಿಲಾಯುಗದ ಆಯುಧಗಳನ್ನು ಗುರುತಿಸಿದ್ದರು. ಮಲೆನಾಡಿನ ಆಮ್ಲೀಯ ಮಣ್ಣಿನಲ್ಲಿ ಮೂಳೆ ಬೇಗ ಕರಗುವುದರಿಂದ ಇಲ್ಲಿ ಹುಡುಕಬೇಕಾದುದು ಮಡಕೆಚೂರು, ಇದ್ದಿಲಿನ ಪದರ, ಕಲ್ಲಿನ ಕಟ್ಟಡದ ತಳಪಾಯ ಮತ್ತು ಕಿಟ್ಟವನ್ನು. ಕಿಟ್ಟವೆಂದರೆ ಅದಿರಿನಿಂದ ಕಬ್ಬಿಣ ತೆಗೆದ ಮೇಲೆ ಉಳಿಯುವ ಗಟ್ಟಿ ಕಸ. 2005ರ ಕೊನೆಯವರೆಗೂ ಕಬ್ಬಿಣದ ಅದಿರಿನ ಗಣಿ ನಡೆದ ಈ ಸೀಮೆಯಲ್ಲಿ ಅಂಥ ಒಂದು ತುಂಡನ್ನೂ ಕಡೆಗಣಿಸುವಂತಿಲ್ಲ. ಮಡಕೆಚೂರಿನ ಅಂಚು ಸವೆದು ಉರುಟಾಗಿದ್ದರೆ ಅದು ನೀರಿನಲ್ಲಿ ಉರುಳಿ ಬಂದಿರುವ ಸಂಭವವೇ ಹೆಚ್ಚು. ಅಂಚು ಚೂಪಾಗಿದ್ದು ಪದರದೊಳಗೆ ಹೂತಿದ್ದರೆ ನೆಲೆ ಹತ್ತಿರದಲ್ಲೇ ಇರಬಹುದು. ಕಿತ್ತು ಮನೆಗೆ ಒಯ್ದ ಚೂರಿನಿಂದ ಈ ನಿರ್ಣಯ ಸಾಧ್ಯವಿಲ್ಲ.

ಭೈರರಸರ ಆಳ್ವಿಕೆ ಕಂಡ ಕಳಸದ ಶಾಸನಗಳು 1901ರಲ್ಲೇ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟದಲ್ಲಿ ಅಚ್ಚಾದವು, ಮಧ್ವಾಚಾರ್ಯರ ಹೆಸರಿನೊಡನೆ ಬೆಸೆದ ಅಂಬಾತೀರ್ಥದ ಬಂಡೆ ಭದ್ರೆಯ ಪಾತ್ರದಲ್ಲೇ ಇದೆ, ಹೊಯ್ಸಳರ ಮೂಲಸ್ಥಳವೆನಿಸಿದ ಸೊಸೆವೂರು ಮೂಡಿಗೆರೆಯ ಅಂಗಡಿ ಗ್ರಾಮವೇ. ಅರಸರದೂ ಮಠಗಳದೂ ಆದ ಈ ಚರಿತ್ರೆ ಕಲ್ಲಿನ ಮೇಲಿದ್ದುದರಿಂದ ಉಳಿಯಿತು. ಕುಂಬಾರರ, ಕಮ್ಮಾರರ, ಬೇಸಾಯಗಾರರ ಬದುಕಿಗೆ ದಂಡೆಯ ಮಣ್ಣೇ ದಾಖಲೆ.

ಸಮೀಕ್ಷೆಯಿಂದ ಪರಿಹಾರ ಕಾಮಗಾರಿ ತಡವಾಗುವುದೆಂಬ ಆಕ್ಷೇಪಕ್ಕೆ ಹೆಚ್ಚು ಬಲವಿಲ್ಲ. ನೀರಿಳಿದ ದಂಡೆಯುದ್ದಕ್ಕೂ ನಡೆದು, ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದು, ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುವುದಕ್ಕೆ ಉತ್ಖನನದಷ್ಟು ಕಾಲ ಬೇಡ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊಳೆಯಂಚಿನ ತೋಟಗಳಲ್ಲಿ ಓಡಾಡುವ ಕಾರ್ಮಿಕರಿಗೂ ಬೆಳೆಗಾರರಿಗೂ ಗ್ರಾಮ ಪಂಚಾಯಿತಿಗಳು ಮಡಕೆಚೂರು, ಕಿಟ್ಟದಂಥ ಗುರುತುಗಳನ್ನು ತಿಳಿಸಿಕೊಡಲಿ. ಕಂಡದ್ದನ್ನು ಅಲುಗಿಸದೆ ತಹಸೀಲ್ದಾರರ ಕಚೇರಿಗೆ ತಿಳಿಸುವ ವ್ಯವಸ್ಥೆಯಾಗಲಿ. ರಾಜ್ಯದ ಪುರಾತತ್ತ್ವ ಇಲಾಖೆಯ ತಜ್ಞರು ಸ್ಥಳ ನೋಡುವವರೆಗೆ ಆ ಭಾಗದಲ್ಲಿ ಜೆಸಿಬಿ ಇಳಿಯದಿರಲಿ.