ಕಣತಲೆಯ ಕಿಟಕಿ

ಕರಿಮೆಣಸು ಕೊಯ್ಯುವ ಕಾಲ ಬಂತೆಂದರೆ ಕೊಡಗಿನ ತೋಟಗಳಲ್ಲಿ ನನ್ನ ಕಣ್ಣು ಏಣಿಗಳ ಮೇಲೇ ಇರುತ್ತದೆ. ಸಿಲ್ವರ್ ಓಕ್ ಮರದ ಎತ್ತರಕ್ಕೆ ಹಬ್ಬಿದ ಬಳ್ಳಿ, ಚೀಲ ಕಟ್ಟಿಕೊಂಡು ಹತ್ತಿದ ಆಳು. ಅಲ್ಲಿಂದ ಬಿದ್ದು ತಲೆಗೆ ಪೆಟ್ಟಾದರೆ ಹೊರಗಿನ ಗಾಯ ನೋಡಿ ಏನೂ ಹೇಳಲಾಗದು.

ದೇಹದ ತೂಕದಲ್ಲಿ ಮೆದುಳಿನದು ನೂರಕ್ಕೆ ಎರಡು ಪಾಲು. ಆಮ್ಲಜನಕ ಮಾತ್ರ ನೂರಕ್ಕೆ 20 ಪಾಲು ಬೇಕು. ಉದುರಿದ ಕಾಫಿ ಹಣ್ಣು ಹೆಕ್ಕುತ್ತ ಬಗ್ಗಿದ್ದವರು ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿಯುತ್ತದೆ, ಕಣ್ಣು ಕತ್ತಲಿಡುತ್ತದೆ, ಕೆಲವೇ ಕ್ಷಣಗಳಲ್ಲಿ ಸರಿಹೋಗುತ್ತದೆ. ಅಷ್ಟರಲ್ಲಿ ಮೆದುಳಿನ ಕಿರುನಾಳಗಳು ಹಿಗ್ಗಿ ರಕ್ತದ ಹರಿವನ್ನು ಸರಿದೂಗಿಸಿರುತ್ತವೆ. ಒತ್ತಡ ಏರಿದರೆ ಅವೇ ಕುಗ್ಗುತ್ತವೆ. ಗದ್ದೆಯ ನೀರು ನೋಡಿಕೊಂಡು ತೂಬು ತೆರೆದು ಮುಚ್ಚುವ ಕೆಲಸವಿದು. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲೇ ಇದನ್ನು ಒಂದು ರೇಖೆಯಾಗಿ ಬರೆದು ತೋರಿಸಿದರು. ತಲೆಗೆ ಜೋರು ಪೆಟ್ಟಾದಾಗ ಕೆಡಬಹುದಾದದ್ದು ಈ ತೂಬೇ. ಆಮೇಲೆ ಒತ್ತಡ ಇಳಿದರೆ ಮೆದುಳಿಗೆ ರಕ್ತ ಸಾಲದು, ಏರಿದರೆ ಬಾವು ಹೆಚ್ಚುತ್ತದೆ.

ತೂಬು ಕೆಟ್ಟಿದೆಯೇ ಎಂದು ತಿಳಿಯಲು ತಲೆಬುರುಡೆ ಕೊರೆದು ಒಳಗಿನ ಒತ್ತಡ ಅಳೆಯಬಹುದು, ಆದರೆ ಅದಕ್ಕೆ ನರಶಸ್ತ್ರಚಿಕಿತ್ಸಕರೇ ಬೇಕು. ನಾರ್ವೆಯ ರೂನೆ ಆಸ್ಲಿಡ್ ಮತ್ತು ಸಂಗಡಿಗರು 1982ರಲ್ಲಿ ಕೊರೆಯದ ದಾರಿ ಕಂಡುಕೊಂಡರು. ಕಣ್ಣಿಗೂ ಕಿವಿಗೂ ನಡುವಿನ ಕಣತಲೆಯಲ್ಲಿ ಮೂಳೆ ತೆಳು. ಅಲ್ಲಿಂದ ಶ್ರವಣಾತೀತ ಧ್ವನಿ ಒಳಹೊಕ್ಕು, ಹರಿಯುವ ರಕ್ತಕ್ಕೆ ತಾಗಿ ಮರಳಿದಾಗ ಹರಿವಿನ ವೇಗ ತಿಳಿಯುತ್ತದೆ. ಬೆರಳಿಗೆ ಪಟ್ಟಿ ಸುತ್ತಿ ಬಡಿತ ಬಡಿತಕ್ಕೂ ಒತ್ತಡ ಅಳೆದು, ಎರಡನ್ನೂ ಜೋಡಿಸಿ ನೋಡಿದರಾಯಿತು. ಒತ್ತಡದ ಬೆನ್ನಿಗೇ ವೇಗವೂ ಏರಿಳಿದರೆ ತೂಬು ಕೆಟ್ಟಿದೆ ಎಂದರ್ಥ. ಕೆಲವರ ಮೂಳೆ ದಪ್ಪವಾಗಿದ್ದು ಧ್ವನಿ ಒಳಗೇ ಹೋಗುವುದಿಲ್ಲ. ಸಿಗುವುದೂ ವೇಗವೇ ಹೊರತು ರಕ್ತದ ಪ್ರಮಾಣವಲ್ಲ. ಅದಕ್ಕೇ ಇಲ್ಲಿ ಯಂತ್ರಕ್ಕಿಂತ ಪಳಗಿದ ಕೈ ಮುಖ್ಯ.

ಪೆಟ್ಟಾದವರನ್ನು ಮೈಸೂರಿಗೆ ಒಯ್ಯಬೇಕೆಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಆದರೆ ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಜಿಲ್ಲಾ ಆಸ್ಪತ್ರೆಗಳ ವೈದ್ಯರಿಗೆ ಮೆದುಳಿನ ಕಾಯಿಲೆಗಳ ತರಬೇತಿ ಕೊಡಲು ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಮೆದುಳು ಆರೋಗ್ಯ ಕಾರ್ಯಕ್ರಮವನ್ನೂ ಶುರುಮಾಡಿದೆ. ಈ ಪರೀಕ್ಷೆ ಮಾಡಬಲ್ಲ ಕೈಗಳನ್ನು ಮಡಿಕೇರಿಯಲ್ಲೇ ಪಳಗಿಸಬೇಕು, ಹಗಲೂ ರಾತ್ರಿಯೂ ಅವರು ಸಿಗಬೇಕು.

ತೋಟದ ಮಾಲೀಕರಲ್ಲಿ ಒಂದು ವಿನಂತಿ. ಏಣಿ ಹತ್ತುವವರಿಗೆ ಹೆಲ್ಮೆಟ್ ಕೊಡಿ. ಬಿದ್ದವರು ಎದ್ದು ಕೂತು ಮಾತಾಡಿದರೂ ಲೈನ್ ಮನೆಯಲ್ಲಿ ಮಲಗಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.