ರಾಜ್‌ಕುಮಾರ್ ದಪ್ಪ ಆಗಿಲ್ಲ!

ರಜೆಗೆ ಗೌರಿಬಿದನೂರಿಗೆ ಹೋದಾಗ ಮನೆಗೆ ಹೊಸ ಎಚ್‌ಡಿ ಟಿವಿ ಬಂದಿತ್ತು. ಓಡ್ತಿದ್ದದ್ದು 1954ರ ‘ಬೇಡರ ಕಣ್ಣಪ್ಪ’. “ಏನೋ ಇದು, ರಾಜ್‌ಕುಮಾರ್ ಊದ್ಕೊಂಡವ್ರಲ್ಲೋ! ಹಳೇ ಟಿವೀಲೇ ಚೆನ್ನಾಗಿತ್ತು” ಅಂದ್ರು ಅಜ್ಜಿ. ನಾವು ನಕ್ಕು, “ಹಳೇ ಪಿಕ್ಚರ್ ಅಲ್ವಾ ಅಜ್ಜಿ, ಕ್ವಾಲಿಟಿ ಅಷ್ಟೇ” ಅಂದ್ವಿ. ತಪ್ಪು ನಮ್ಮದೇ.

ಲೆಕ್ಕ ನೋಡಿ. ನಮ್ಮಲ್ಲಿನ ಎಸ್‌ಡಿ ಚಿತ್ರ 720×576, ಅಂದ್ರೆ ಸುಮಾರು 4.15 ಲಕ್ಷ ಪಿಕ್ಸೆಲ್. ಫುಲ್ ಎಚ್‌ಡಿ ಪರದೆ 1920×1080, ಸರಿಯಾಗಿ ಅದರ ಐದು ಪಟ್ಟು. ಪರದೆ ತುಂಬಿಸೋಕೆ ಉಳಿದ ಪಿಕ್ಸೆಲ್‌ಗಳನ್ನ ಟಿವಿ ಅಕ್ಕಪಕ್ಕ ನೋಡಿ ಊಹಿಸಬೇಕು, ಅದಕ್ಕೇ ಮಸುಕು. ಹಳೇ ಡಬ್ಬಾ ಟಿವಿ ಚಿಕ್ಕದು, ಕೊರತೆ ಅಷ್ಟಾಗಿ ಕಾಣ್ತಿರಲಿಲ್ಲ. ಇದರ ಮೇಲೆ 4:3 ಚಿತ್ರವನ್ನ 16:9ಕ್ಕೆ ಎಳೆದರೆ ಮುಖ ಮೂರನೇ ಒಂದು ಭಾಗ ಹೆಚ್ಚು ಅಗಲ ಆಗುತ್ತೆ.

ಮಸುಕನ್ನ ಪೂರ್ತಿ ತೆಗೆಯೋಕಾಗಲ್ಲ. ಎಳೆಯೋದನ್ನ ನಿಲ್ಲಿಸಬಹುದು. ಸೆಟ್ಟಿಂಗ್ಸ್‌ನಲ್ಲಿ 4:3 ಇಡಿ, ಶಾರ್ಪ್‌ನೆಸ್ ಸ್ವಲ್ಪ ಇಳಿಸಿ. ಎರಡೂ ಬದಿ ಕಪ್ಪು ಪಟ್ಟಿ ಬರುತ್ತೆ, ಬರಲಿ. ಅಜ್ಜಿ ಒಂದೇ ನೋಟಕ್ಕೆ ಹಿಡಿದ ತಪ್ಪನ್ನ ಇಂಜಿನಿಯರಿಂಗ್ ಓದೋ ನಾವು ಗಮನಿಸಲೇ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ರಿಮೋಟ್ ಒಮ್ಮೆ ಕೈಗೆ ತಗೊಳ್ಳೋಣ.