ಯಾವ ಪ್ರಿನ್ಸ್ ನಿಜವಾದ ಪ್ರಿನ್ಸ್?

'ಪ್ರಿನ್ಸ್ ಆಫ್ ಪರ್ಷಿಯಾ' ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರೋದು ಯಾರು? ಬಿಳಿ ಬಟ್ಟೆ ಹಾಕ್ಕೊಂಡು ಸೆರೆಮನೆಯ ಕತ್ತಲಲ್ಲಿ ಓಡುವ ಪುಟ್ಟ ಮನುಷ್ಯನಾ? ನೀಲಿ ಅಂಗಿ ಹರ್ಕೊಂಡು ಗೋಡೆ ಮೇಲೆ ಓಡುವ ರಾಜಕುಮಾರನಾ? ಅಥವಾ ಉದ್ದ ಕೂದಲು ಬಿಟ್ಕೊಂಡು ಎರಡು ಕತ್ತಿ ಬೀಸುವ ಸಿಡುಕಪ್ಪನಾ? ಉತ್ತರ ಕೇಳಿದರೆ ನಿಮ್ಮ ವಯಸ್ಸು ಎಷ್ಟಿರಬಹುದು ಅಂತ ಹೆಚ್ಚುಕಮ್ಮಿ ಹೇಳಿಬಿಡಬಹುದು. ಮನೆಯಲ್ಲಿ ಸಿಡಿ ತಂದು ಇನ್‌ಸ್ಟಾಲ್ ಮಾಡಿಕೊಡುವ ಅಣ್ಣನೋ ಅಕ್ಕನೋ ಇದ್ದರಾ ಅನ್ನೋದನ್ನೂ ಹೇಳಬಹುದು.

ನಮ್ಮ ಸಂಘದಲ್ಲೂ ಇದು ಆಗಾಗ ಏಳುವ ಜಗಳ. ಈ ಸಲ ಯುಗಾದಿ ಊಟ ಆದಮೇಲೆ ಪಾತ್ರೆ ತೊಳೀತಾ ನಿಂತಾಗ ಮತ್ತೆ ಶುರುವಾಯಿತು. "2008ರದ್ದು ಪ್ರಿನ್ಸೇ ಅಲ್ಲ ಮಗಾ, ಕಾರ್ಟೂನು. ಲಾಸ್ಟ್ ಕ್ರೌನ್ ಅಂತೂ ಮೊಬೈಲ್ ಗೇಮ್ ಥರ ಇದೆ" ಅಂದ ನಮ್ಮ ದಾವಣಗೆರೆ ಸೀನಿಯರ್. ಆಡಿದ್ದೀಯಾ ಅಂತ ಕೇಳಿದರೆ, "ಟ್ರೇಲರ್ ನೋಡಿದೀನಲ್ಲ, ಸಾಕು" ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಮಾಡಿದ ಚಿತ್ರಾನ್ನ ತಿಂದೇ ಈ ಲೇಖನ ಬರೀತಾ ಇದ್ದೀನಿ. ಆದರೆ 'ಟ್ರೇಲರ್ ನೋಡಿದೀನಿ, ಸಾಕು' ಅನ್ನೋ ಆ ಮಾತಿನ ಬಗ್ಗೆ ನನಗೆ ತಕರಾರಿದೆ.

ಮೊದಲ ವಿಷಯ. ಈ ಸರಣಿಗೆ 'ಅಸಲಿ ಮುಖ' ಅಂತ ಒಂದು ಯಾವತ್ತೂ ಇರಲೇ ಇಲ್ಲ. 1989ರಲ್ಲಿ ಜೋರ್ಡನ್ ಮೆಕ್‌ನರ್ ಇದನ್ನು ಆಪಲ್ II ಕಂಪ್ಯೂಟರಿಗೆ ಬರೆದಾಗ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಒಂದೊಂದು ಫ್ರೇಮನ್ನೂ ನೋಡಿ ಚಿತ್ರ ಬಿಡಿಸಿದ್ದರು. ಕತ್ತಿವರಸೆಗೆ ಮಾದರಿ ಸಿಕ್ಕಿದ್ದು 1938ರ ಹಾಲಿವುಡ್ ರಾಬಿನ್ ಹುಡ್ ಸಿನಿಮಾದಲ್ಲಿ. ಅಂದರೆ ಪರ್ಷಿಯಾದ ರಾಜಕುಮಾರ ಹುಟ್ಟಿದ್ದೇ ಒಬ್ಬ ಅಮೆರಿಕನ್ ಹುಡುಗನ ಮೈ ಮತ್ತು ಒಬ್ಬ ಹಾಲಿವುಡ್ ಹೀರೋನ ಕೈ ಸೇರಿ. ಡಾಸ್‌ನಲ್ಲಿ ಆಡಿದವರಿಗೆ ನೆನಪಿರಬಹುದು, ತಲೆ ಮೇಲೆ ಪೇಟವೂ ಇರಲಿಲ್ಲ. ಪೇಟ, ಮೇಲಂಗಿ ಎಲ್ಲ ಬಂದದ್ದು 1992ರ ಮ್ಯಾಕಿಂಟಾಷ್ ಆವೃತ್ತಿಯಲ್ಲಿ. ಮೂರೇ ವರ್ಷಕ್ಕೆ ವೇಷ ಬದಲು!

ಅದೇ ಆಟದಲ್ಲಿ ಕನ್ನಡಿಯಿಂದ ಜಿಗಿದು ಬರುವ ನೆರಳು ಮನುಷ್ಯ ಇದ್ದಾನಲ್ಲ, ಅವನ ಹುಟ್ಟು ಇನ್ನೂ ಚೆನ್ನಾಗಿದೆ. ಮೆಮೊರಿಯಲ್ಲಿ ಇನ್ನೊಂದು ಪಾತ್ರಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ಪ್ರಿನ್ಸ್‌ನದೇ ಚಿತ್ರವನ್ನು ಒಂಚೂರು ಪಕ್ಕಕ್ಕೆ ಸರಿಸಿ, ಅದರ ಮೇಲೆ ಅದನ್ನೇ ಬಿಟ್ ಲೆಕ್ಕದಲ್ಲಿ ಕೂಡಿಸಿದಾಗ ಮಿನುಗುವ ಒಂದು ಆಕೃತಿ ಬಂತು. ಇಡೀ ಆಟದಲ್ಲಿ ಎಲ್ಲರಿಗೂ ನೆನಪಿರುವ ಎದುರಾಳಿ ಅವನೇ. ಕಂಪ್ಯೂಟರ್ ಸೈನ್ಸ್ ಓದುವವರು ಇದನ್ನು ಒಂದು ಸಲ ಕೂತು ಯೋಚನೆ ಮಾಡಿ, ಮಜಾ ಬರುತ್ತೆ.

ಹಾಗಾದರೆ ಈ ಎಲ್ಲ ವೇಷಗಳ ಒಳಗೆ ಬದಲಾಗದೆ ಉಳಿದದ್ದು ಏನು? ನನ್ನ ಪ್ರಕಾರ ಮೈಭಾರ. ಆ ಕಾಲದ ಬೇರೆ ಆಟಗಳ ಹೀರೋಗಳು ಬಟನ್ ಒತ್ತಿದ ಕ್ಷಣ ಪುಟಕ್ ಅಂತ ಹಾರುತ್ತಿದ್ದರು. ಪ್ರಿನ್ಸ್ ಹಾಗಲ್ಲ, ಓಡಿ ನಿಲ್ಲಬೇಕಾದರೆ ಒಂದು ಹೆಜ್ಜೆ ಜಾರುತ್ತಾನೆ. ಅಂಚು ಸಿಕ್ಕರೆ ಬೆರಳಲ್ಲಿ ಹಿಡಿದು ನೇತಾಡುತ್ತಾನೆ. ಬಿದ್ದರೆ ನಮಗೇ ಮೊಣಕಾಲು ನೋಯುತ್ತೆ. 2003ರ 'ಸ್ಯಾಂಡ್ಸ್ ಆಫ್ ಟೈಮ್' ಮೂರು ಆಯಾಮಕ್ಕೆ ಹೋದರೂ, ಚಂದಮಾಮದ ಚಿತ್ರದ ಹಾಗೆ ಮಂದ ಬೆಳಕಲ್ಲಿ ಹೊಳೆದರೂ, ಅದು ಪ್ರಿನ್ಸ್ ಅಂತ ಕೈಗೆ ಗೊತ್ತಾಗುತ್ತಿತ್ತು. ಅದಕ್ಕೇ ಆಗ ಹೆಚ್ಚಿನವರು ಒಪ್ಪಿಕೊಂಡರು. ಆಟ ಮುಂದುವರಿದಂತೆ ಅವನ ಅಂಗಿ ಹರಿಯುತ್ತಾ ಹೋಗುತ್ತೆ, ನೋಡಿದ್ದೀರಾ? ಚಿತ್ರವೇ ಕತೆ ಹೇಳೋದು ಅಂದರೆ ಅದು.

ಮುಂದಿನ ವರ್ಷವೇ ಬಂತು 'ವಾರಿಯರ್ ವಿದಿನ್'. ಕಪ್ಪು, ಕಂದು, ರಕ್ತ, ಹೆವಿ ಮೆಟಲ್ ಸಂಗೀತ. ಸ್ಯಾಂಡ್ಸ್ ಆಫ್ ಟೈಮ್‌ನ ಅಭಿಮಾನಿಗಳು ಕೂಗಾಡಿದರು. ಮೆಕ್‌ನರ್ ಅವರೇ ಆ ಕಲಾಶೈಲಿ ಮತ್ತು ಹಿಂಸೆ ತಮಗೆ ಹಿಡಿಸಿಲ್ಲ ಅಂತ ಬಹಿರಂಗವಾಗಿ ಹೇಳಿದರು. ನನಗೂ ಹಿಡಿಸಿಲ್ಲ, ಅದರಲ್ಲೂ ಹೆಣ್ಣು ಪಾತ್ರಗಳಿಗೆ ತೊಡಿಸಿದ ಬಟ್ಟೆ ನೋಡಿದರೆ ಆ ಸ್ಟುಡಿಯೋದಲ್ಲಿ ಒಬ್ಬರಾದರೂ 'ಬೇಡ' ಅನ್ನಬಾರದಿತ್ತಾ ಅನಿಸುತ್ತೆ. ಆದರೆ ತಮಾಷೆ ನೋಡಿ: ನಮ್ಮಲ್ಲಿ ಅನೇಕರಿಗೆ ಮೊದಲು ಸಿಕ್ಕಿದ್ದೇ ಆ ಸಿಡಿ. ದಹಾಕಾ ಅಟ್ಟಿಸಿಕೊಂಡು ಬರುವಾಗ ಕುರ್ಚಿ ತುದಿಯಲ್ಲಿ ಕೂತವರಿಗೆ ಆ ಸಿಡುಕನೇ ನಿಜವಾದ ಪ್ರಿನ್ಸ್. ಅವರ ಪಾಲಿಗೆ ಮುಂದೆ ಬಂದ ಬಣ್ಣಬಣ್ಣದ ಆಟಗಳೆಲ್ಲ 'ಕೆಟ್ಟುಹೋದ' ಪ್ರಿನ್ಸ್. 2004ರಲ್ಲಿ 'ಸರಣಿ ಹಾಳಾಯ್ತು' ಅಂತ ಯಾವುದನ್ನು ಬೈದರೋ, ಅದನ್ನೇ ಇಟ್ಕೊಂಡು 2023ರಲ್ಲಿ 'ಹಳೇದೇ ಚೆನ್ನಾಗಿತ್ತು' ಅಂದರು.

2008ರದ್ದು ನನಗೆ ತುಂಬ ಇಷ್ಟ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಜಲವರ್ಣದಲ್ಲಿ ಬಿಡಿಸಿ ಅಂಚಿಗೆ ಗೆರೆ ಎಳೆದ ಹಾಗಿರುವ ಆಟ ಅದು. ಊರೆಲ್ಲ ಕಪ್ಪು ಕೊಳೆ ಹಿಡಿದಿರುತ್ತೆ. ಎಲಿಕಾ ಜೊತೆ ಒಂದೊಂದೇ ಜಾಗವನ್ನು ಗುಣಪಡಿಸಿದರೆ ಹುಲ್ಲು, ಹೂವು, ಬೆಳಕು ಒಮ್ಮೆಲೇ ಹರಡುತ್ತೆ. ಫೋಟೋ ಥರದ ಶೈಲಿಯಲ್ಲಿ ಅದೇ ದೃಶ್ಯ ಮಾಡಿದ್ದರೆ ಆ ಬಣ್ಣಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬಿದ್ದಾಗಲೆಲ್ಲ ಎಲಿಕಾ ಕೈಹಿಡಿದು ಎತ್ತುತ್ತಾಳೆ, ಸಾಯುವ ಭಯವೇ ಇಲ್ಲ ಅಂತ ಕೆಲವರಿಗೆ ಬೇಜಾರಾಯಿತು. ಅದು ನ್ಯಾಯವಾದ ಟೀಕೆ, ಯಾಕಂದ್ರೆ ಆಡಿ ನೋಡಿ ಹೇಳಿದ್ದು. 'ಕಾರ್ಟೂನು' ಅನ್ನೋದು ಟೀಕೆ ಅಲ್ಲ. ಕಾರ್ಟೂನಾದರೆ ಏನೀಗ?

ಇನ್ನು ನಮಗೆ ಹತ್ತಿರದ ಒಂದು ಪ್ರಕರಣ. 2020ರ ಸೆಪ್ಟೆಂಬರಿನಲ್ಲಿ ಸ್ಯಾಂಡ್ಸ್ ಆಫ್ ಟೈಮ್‌ನ ರೀಮೇಕ್ ಘೋಷಣೆ ಆಯಿತು. ಮಾಡ್ತಿದ್ದವರು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು. ಇಷ್ಟು ದೊಡ್ಡ ಹೆಸರಿನ ಆಟ ಭಾರತದಲ್ಲಿ ತಯಾರಾಗ್ತಿದೆ ಅಂತ ನಮಗೆಲ್ಲ ಎಷ್ಟು ಖುಷಿ! ಟ್ರೇಲರ್ ಬಂದಾಗ ಗೊಂಬೆ ಥರದ ಮುಖ, ಸಪ್ಪೆ ಬೆಳಕು ಅಂತ ಜನ ಮುಗಿಬಿದ್ದರು. ನಿಜ ಹೇಳಬೇಕಂದ್ರೆ ಆ ಟ್ರೇಲರ್ ಚೆನ್ನಾಗಿರಲಿಲ್ಲ, ಅಲ್ಲಿ ಟೀಕೆಗೆ ಕಾರಣ ಇತ್ತು. ಆದರೆ ಟೀಕೆ ಚಿತ್ರದ ಹತ್ತಿರ ನಿಲ್ಲಲಿಲ್ಲ. 'ಇಂಡಿಯಾದವರಿಗೆ ಕೊಟ್ಟರೆ ಹೀಗೇ ಆಗೋದು' ಅನ್ನೋ ಕಡೆಗೆ ಜಾರಿತು. ಅದನ್ನು ಬರೆದವರಲ್ಲಿ ನಮ್ಮವರೂ ಇದ್ದರು, ನಗುವ ಇಮೋಜಿ ಸಮೇತ. 2021ರ ಜನವರಿಗೆ ಬರಬೇಕಿದ್ದ ಆಟ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು, 2022ರಲ್ಲಿ ಕೆಲಸವನ್ನೇ ಮಾಂಟ್ರಿಯಲ್‌ಗೆ ವರ್ಗಾಯಿಸಿದರು. ಒಂದು ಮುಖದ ನೆರಳು-ಬೆಳಕು ಸರಿಯಿಲ್ಲ ಅನ್ನೋದಕ್ಕೂ, ಮಾಡಿದವರ ಪಾಸ್‌ಪೋರ್ಟ್ ನೋಡಿ ನಗೋದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಗ್ರೂಪ್ ಪ್ರಾಜೆಕ್ಟ್ ಮಾಡುವಾಗ, ಪಾರ್ಟ್‌ಟೈಮ್ ಕೆಲಸದಲ್ಲಿ, ನಾವೇ ಆ ನಗುವನ್ನು ಎದುರಿಸಿದವರು. ನಮಗಾದರೂ ಅದು ಗೊತ್ತಾಗಬೇಕಿತ್ತು.

ಈಗ 'ಲಾಸ್ಟ್ ಕ್ರೌನ್'. 2023ರ ಜೂನ್‌ನಲ್ಲಿ ಮೊದಲ ಟ್ರೇಲರ್ ಬಂದಾಗ ಬೈಗುಳದ ಸುರಿಮಳೆ. ಪಕ್ಕದಿಂದ ಕಾಣುವ ಆಟ, ಕಾಮಿಕ್ಸ್ ಪುಸ್ತಕದಂಥ ಬಣ್ಣ, ಹಿಪ್ ಹಾಪ್ ಹಾಡು, ಜಟೆ ಕಟ್ಟಿದ ಸರ್ಗಾನ್ ಅನ್ನೋ ಯೋಧ. ಇವನು ಪ್ರಿನ್ಸ್ ಕೂಡ ಅಲ್ಲ! ಹಾಡಿನ ವಿಷಯದಲ್ಲಿ ನನ್ನದೂ ಒಂದು ಓಟು ಇರಲಿ, ಆಟಕ್ಕೂ ಆ ಹಾಡಿಗೂ ಸಂಬಂಧವೇ ಇರಲಿಲ್ಲ. ಉಳಿದದ್ದು? ಪಕ್ಕದಿಂದ ಕಾಣೋದು 1989ರ ಅಸಲಿ ಆಟದ್ದೇ ನೋಟ ತಾನೇ? 'ಮೂಲಕ್ಕೆ ಮರಳಿ' ಅಂತ ವರ್ಷಗಟ್ಟಲೆ ಕೇಳಿದವರಿಗೆ ಮೂಲ ಬಂದಾಗ ಗುರುತೇ ಸಿಗಲಿಲ್ಲ.

2024ರ ಜನವರಿಯಲ್ಲಿ ಆಟ ಬಂತು. ಆಡಿದವರಿಗೆ ಆ ಶೈಲಿ ಯಾಕೆ ಅಂತ ಹತ್ತು ನಿಮಿಷದಲ್ಲಿ ಅರ್ಥವಾಗುತ್ತೆ. ಇದು ಕಣ್ಣುಮಿಟುಕಿಸುವ ವೇಗದ ಆಟ. ವೈರಿ ಕತ್ತಿ ಎತ್ತುವಾಗ ಹಳದಿ ಹೊಳೆದರೆ ಸರಿಯಾದ ಕ್ಷಣಕ್ಕೆ ತಡೆದು ತಿರುಗಿ ಹೊಡೀಬಹುದು, ಕೆಂಪು ಹೊಳೆದರೆ ತಡೆಯೋಕೇ ಆಗಲ್ಲ, ಪಕ್ಕಕ್ಕೆ ಹಾರಬೇಕು. ಆ ತೀರ್ಮಾನಕ್ಕೆ ನಮಗೆ ಸಿಗೋದು ಅರೆಕ್ಷಣ. ಅಷ್ಟರಲ್ಲಿ ಕಣ್ಣಿಗೆ ಬೀಳಬೇಕಂದ್ರೆ ಆಕೃತಿಯ ಗೆರೆ ಚೊಕ್ಕವಾಗಿರಬೇಕು, ಹಿನ್ನೆಲೆ ಹಿಂದೆ ಸರಿದಿರಬೇಕು. ಕೂದಲೆಳೆ, ಚರ್ಮದ ರಂಧ್ರ ಎಲ್ಲ ಕಾಣುವ ಚಿತ್ರದಲ್ಲಿ ಅದು ಕಷ್ಟ. ಹಳೆಯ ಸ್ವಿಚ್‌ನಲ್ಲೂ ಆಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತೆ, ಸ್ಟೈಪೆಂಡ್ ನಂಬಿ ಬದುಕುವ ನಮ್ಮಂಥವರಿಗೆ ಅದೂ ಸಣ್ಣ ವಿಷಯವಲ್ಲ. ಮೈಭಾರ? ಇದೆ. ಗೋಡೆ ಹಿಡಿದು ಜಾರುವಾಗ ಗೊತ್ತಾಗುತ್ತೆ.

ವಿಮರ್ಶಕರು ಹೊಗಳಿದರು, ಆಡಿದವರು ಹೊಗಳಿದರು. ಆದರೆ ಕಂಪನಿ ಅಂದುಕೊಂಡಷ್ಟು ಜನ ಕೊಳ್ಳಲಿಲ್ಲ. 2024ರ ಅಕ್ಟೋಬರ್ ಹೊತ್ತಿಗೆ ಮಾಂಟ್‌ಪೆಲಿಯೆಯ ಆ ತಂಡವನ್ನು ಬಿಡಿಸಿ ಬೇರೆ ಬೇರೆ ಪ್ರಾಜೆಕ್ಟುಗಳಿಗೆ ಹಾಕಿದ ಸುದ್ದಿ ಬಂತು. ಟ್ರೇಲರ್‌ಗೆ ಬಿದ್ದ ಬೈಗುಳವೇ ಇದಕ್ಕೆಲ್ಲ ಕಾರಣ ಅಂತ ನಾನು ಹೇಳಲ್ಲ. ಬೆಲೆ ಇತ್ತು, ಬೇರೆ ಆಟಗಳ ಪೈಪೋಟಿ ಇತ್ತು. ಆದರೆ 'ನೋಡಿದೀನಿ, ಸಾಕು' ಅಂದವರು ಅಷ್ಟು ಜನ ಇದ್ದಾಗ ಅದರ ಲೆಕ್ಕ ಎಲ್ಲೋ ಒಂದು ಕಡೆ ಬೀಳಲೇಬೇಕಲ್ಲ. ಅದೇ ಜನರ ಕೈಯಿಂದ ಎರಡನೇ ಭಾಗ ಆಡುವ ನನ್ನ ಆಸೆಗೆ ಅಲ್ಲಿಗೆ ಎಳ್ಳುನೀರು.

ಅಭಿಮಾನಿಗಳು ಬಾಯಿ ಮುಚ್ಕೊಂಡಿರಬೇಕು ಅಂತಲೂ ಅಲ್ಲ. ಅದೇ ವರ್ಷ 'ದಿ ರೋಗ್ ಪ್ರಿನ್ಸ್ ಆಫ್ ಪರ್ಷಿಯಾ' ಅರ್ಲಿ ಆಕ್ಸೆಸ್‌ನಲ್ಲಿ ಬಂತು, ಅಂದರೆ ಮಾಡ್ತಾ ಮಾಡ್ತಾನೇ ಆಡೋಕೆ ಕೊಟ್ಟರು. ಪ್ರಿನ್ಸ್‌ಗೆ ನೇರಳೆ ಮೈಬಣ್ಣ ಇತ್ತು. ಆಡಿದ ಜನ ಇದು ಸರಿ ಕಾಣ್ತಿಲ್ಲ ಅಂದರು, ಮಾಡುವವರು ಕೇಳಿಸಿಕೊಂಡು ಮುಂದಿನ ಅಪ್‌ಡೇಟಿನಲ್ಲಿ ಮೈಬಣ್ಣ ಬದಲಿಸಿ ಶೈಲಿಯನ್ನೇ ತಿದ್ದಿದರು. ಎರಡು ಕಡೆಯವರೂ ಮನುಷ್ಯರ ಥರ ಮಾತಾಡಿದರೆ ಹೀಗೂ ಆಗುತ್ತೆ.

ಲಾಸ್ಟ್ ಕ್ರೌನ್ ಗಲಾಟೆಯಲ್ಲಿ ಯಾರೂ ಹೆಚ್ಚು ಮಾತಾಡದ ಒಂದು ಸಂಗತಿ ಇದೆ. 1989ರಿಂದ 'ಪರ್ಷಿಯಾ' ಅನ್ನೋ ಹೆಸರು ಹೊತ್ತ ಈ ಸರಣಿಯಲ್ಲಿ ಪಾತ್ರಗಳೆಲ್ಲ ಪೂರ್ತಿ ಫಾರ್ಸಿಯಲ್ಲಿ ಮಾತಾಡಿದ್ದು ಇದರಲ್ಲೇ ಮೊದಲು. ಕೂದಲು ಸರಿಯಿಲ್ಲ, ಬಣ್ಣ ಸರಿಯಿಲ್ಲ, ಇದು ನಮ್ಮ ಪರ್ಷಿಯಾ ಅಲ್ಲ ಅಂತ ಕೂಗಿದವರಿಗೆ, ಆ ಊರಿನ ಭಾಷೆ ಇಷ್ಟು ವರ್ಷ ಇಲ್ಲದ್ದು ಕೊರತೆ ಅಂತ ಯಾವತ್ತೂ ಅನ್ನಿಸಿರಲಿಲ್ಲ! ನಮ್ಮ ಲ್ಯಾಬಿನಲ್ಲಿ ಒಬ್ಬ ಇರಾನಿ ಸಹಪಾಠಿ ಇದ್ದಾಳೆ. ಗೇಮ್ ಅಂದರೆ ಮೂಗು ಮುರಿಯುವವಳು. ಒಂದು ಸಂಜೆ ನಾನು ಆಡುವಾಗ ಹಿಂದೆ ಬಂದು ನಿಂತಳು. ಮಾತಿನ ದೃಶ್ಯ ಬಂದಾಗ ಅಭ್ಯಾಸದಂತೆ ಸ್ಕಿಪ್ ಮಾಡೋಕೆ ಹೋದೆ. "ಬೇಡ, ಇರು, ಕೇಳ್ಬೇಕು" ಅಂದು ಕುರ್ಚಿ ಎಳ್ಕೊಂಡು ಕೂತಳು. ಆಮೇಲೆ ಸಿಮುರ್ಗ್ ಹಕ್ಕಿ ಬಗ್ಗೆ, ಕಾಫ್ ಬೆಟ್ಟದ ಬಗ್ಗೆ ಅವರಜ್ಜಿ ಹೇಳಿದ ಕತೆಗಳನ್ನೆಲ್ಲ ಹೇಳಿದಳು. ಚಿತ್ರ ಕಾರ್ಟೂನ್ ಥರ ಇದೆ ಅಂತ ಅವಳಿಗೆ ಅನಿಸಿದ ಹಾಗೆ ಕಾಣಲಿಲ್ಲ. ಕನ್ನಡದಲ್ಲಿ ಮಾತಾಡುವ ಇಂಥದ್ದೊಂದು ಆಟವನ್ನು ನಾನಂತೂ ಇನ್ನೂ ಆಡಿಲ್ಲ. ಬಂದರೆ ಅದರ ಹೀರೋನ ಹೇರ್‌ಸ್ಟೈಲ್ ಬಗ್ಗೆ ಜಗಳ ಆಡೋದು ಆಟ ಮುಗಿಸಿದ ಮೇಲೆ ಅಂತ ಈಗಲೇ ತೀರ್ಮಾನ ಮಾಡ್ಕೊಂಡಿದ್ದೀನಿ.

ದಾವಣಗೆರೆಯ ಸೀನಿಯರಿಗೂ ನಿಮಗೂ ಒಂದು ಕೋರಿಕೆ. ಲಾಸ್ಟ್ ಕ್ರೌನ್‌ಗೆ ಆಗಾಗ ಒಳ್ಳೆ ಡಿಸ್ಕೌಂಟ್ ಬರುತ್ತೆ, ಇಲ್ಲಾಂದ್ರೆ ನನ್ನ ಹತ್ರ ಇರೋದನ್ನೇ ತಗೊಂಡು ಹೋಗಿ. ಆಡೋಕೆ ಶುರು ಮಾಡೋ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಧ್ವನಿ ಫಾರ್ಸಿಗೆ ಬದಲಿಸಿ, ಸಬ್‌ಟೈಟಲ್ ಇಂಗ್ಲಿಷಲ್ಲೇ ಇರಲಿ. ಎರಡು ಗಂಟೆ ಆಡಿ. ಆಮೇಲೆ ಬನ್ನಿ, ಜಗಳ ಆಡೋಣ. ಚಿತ್ರಾನ್ನ ಈ ಸಲ ನಾನು ಮಾಡ್ತೀನಿ.